ಬಚ್ಚಲುಮನೆಯ ಮೂರು ಚಿಲಕ

ತಮ್ಮಾ,

ಅಮ್ಮನ ಕೈಯ ಪ್ಲಾಸ್ಟರ್ ಬಿಚ್ಚಿಸೋಕೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೀನಿ. ಪೇಂಟರ್ ಬರ್ತಾನೆ. ಅಪ್ಪ ಕುಟ್ಟಾಣಿ ಎಸೆದು ಹಾಲ್ ಗೋಡೇಲಿ ಮಾಡಿದ ಗುಂಡಿಗಳಿಗೆಲ್ಲ ಪುಟ್ಟಿ ತುಂಬಿಸು. ಇಲ್ದಿದ್ರೆ ಮನೆಗೆ ಒಳ್ಳೇ ರೇಟು ಬರಲ್ಲ ಅಂತಾನೆ ಬ್ರೋಕರ್. ಪೇಂಟರ್ ಕೇಳಿದ್ರೆ ಇಲಿ ಕೆರೆದಿದ್ದು ಅನ್ಬೇಡ. ಅಷ್ಟೆತ್ತರಕ್ಕೆ ಯಾವ ಇಲಿ ಹಾರುತ್ತೋ?

ಅಪ್ಪ ಬಂದ್ರೆ ಬಾಗಿಲು ತೆಗೀಬೇಡ. ಒದ್ರೆ ಒದೀಲಿ, ನಾಳೆ ಹೇಗೂ ಹೊಸ ಬಾಗಿಲು ಹಾಕಿಸ್ತೀವಿ. ಸುತ್ತಿಗೆ ನಾನೇ ತಗೊಂಡು ಹೋಗ್ತಿದ್ದೀನಿ, ನೀನು ಅವನ ತಲೆ ಒಡೆದು ಜೈಲಿಗೆ ಹೋಗೋದು ಬೇಡ.

ಬಚ್ಚಲುಮನೆ ಬಾಗಿಲ ಒಳಗಡೆಯ ಮೂರೂ ಚಿಲಕ ಬಿಚ್ಚು. ಮನೆ ನೋಡೋಕೆ ಬಂದೋರು ಬೆಚ್ಚಿಬೀಳ್ತಾರೆ. ಆದ್ರೆ ಎಸೀಬೇಡ. ನಾವು ಹೋಗೋ ಹೊಸ ಮನೆ ಎಲ್ಲಿದೆ ಅಂತಾನೇ ಅಪ್ಪಂಗೆ ಗೊತ್ತಿಲ್ಲ, ಅಲ್ಲಿ ಇವ್ಯಾಕೆ ಅಂತ ಅಮ್ಮಂಗೆ ಅಂದೆ. “ಇರ್ಲಿ, ಅಲ್ಲೂ ಹಾಕಿಸು. ಅವಿಲ್ದೆ ನಂಗೆ ಸ್ನಾನ ಮಾಡೋಕಾಗಲ್ಲ” ಅಂದ್ಲು ಅಮ್ಮ.

ಅಕ್ಕ