ಚಾತುರ್ಮಾಸದಲ್ಲಿ ಮಡ್ಡಿ ಹತ್ತಿದೆ

ರಾಯಬಾಗ, ಶ್ರಾವಣ

ಅಕ್ಕಾ, ಬೈಯಬೇಡ.

ಚಾತುರ್ಮಾಸದಲ್ಲಿ ಹಸಿ ಹುಲ್ಲು ತುಳಿಯಬಾರದೆಂಬ ನಮ್ಮ ಮನೆಯ ನೇಮ ಮುರಿದು ಮಡ್ಡಿಯ ಕಲ್ಲುಗುಡ್ಡ ಹತ್ತಿದ್ದೇನೆ. ಪುಸ್ತಕದಲ್ಲಷ್ಟೇ ಕಂಡಿದ್ದ ನೀಲಿ ಹೂವನ್ನು ನಲವತ್ತು ವರ್ಷ, ನೇಮ ಮುಗಿಯುವ ದೀಪಾವಳಿಯ ನಂತರವೇ ಬಂದು ಹುಡುಕಿ, ಅದು ನಿರ್ನಾಮವಾಯಿತೆಂದು ಸರ್ಕಾರವನ್ನು ಬೈದು ಲೇಖನ ಬರೆದವನು ನಾನು. ಇಲ್ಲಿ ನೋಡಿದರೆ ಕಾಲಿಡಲು ಜಾಗವಿಲ್ಲದಷ್ಟು ಅರಳಿದೆ!

ಕುರಿ ಮೇಯಿಸುವ ಹೊಳೆವ್ವ ನಕ್ಕಳು: “ಅಲ್ರಿ ಮಾಸ್ತರ, ಮಳಿಗಾಲದ ಹೂವ ಚಳ್ಯಾಗ ಸಿಗತೈತೇನ್ರಿ? ಇಷ್ಟ ಓದಿ ಏನ ಮಾಡಿದ್ರಿ?”

ಮಡ್ಡಿಯಲ್ಲಿ ಕಲ್ಲುಗಣಿಗೆ ಅನುಮತಿ ಕೇಳಿದವರು, ಇಲ್ಲಿ ಉಳಿಸುವಂಥದ್ದೇನೂ ಇಲ್ಲವೆನ್ನಲು ನನ್ನ ಲೇಖನವನ್ನೇ ಪುರಾವೆಯಾಗಿ ಕೊಟ್ಟಿದ್ದಾರೆ. ಮೊಣಕಾಲು ಊದಿದೆ. ಆದರೂ ಸೋಮವಾರ ಚಿಕ್ಕೋಡಿಯ ವಿಚಾರಣೆಗೆ ಹೋಗಿ, ಈ ಲೇಖಕನ ಮಾತು ನಂಬಬೇಡಿರೆಂದು ನಾನೇ ಹೇಳಬೇಕು.

ನಿನ್ನ ತಮ್ಮ,
ಸಮ್ಮೇದ