ಬೋರ್ಡಿನ ಖಾಲಿ ಜಾಗ

ಮಾರ್ಚ್ 4, ಮಧ್ಯಾಹ್ನ

ಬೆಳಗ್ಗಿನಿಂದ ಮೂರು ಆಪರೇಷನ್. ಕಾಲು ಮರಗಟ್ಟಿವೆ. ಕೊನೆಯದಕ್ಕೆ ಹತ್ತು ಮಾಪು ಬಿಚ್ಚಿದ್ದೆವು — ಹೊಟ್ಟೆಯೊಳಗೆ ರಕ್ತ ಹೀರುವ, ಕರವಸ್ತ್ರದಷ್ಟಗಲದ ಬಟ್ಟೆ. ಹೊಲಿಗೆಗೆ ಮುಂಚೆ ಎಣಿಸಿ ಬೋರ್ಡಿಗೆ ಬರೆಯಬೇಕು. ನಮ್ಮಲ್ಲಿ ಉಲ್ಟಾ. ‘ಹತ್ತಕ್ಕೆ ಹತ್ತು ಸರಿ’ ಅಂತ ಮೊದಲೇ ಬರೆದಿಡುತ್ತೇವೆ. ಎಣಿಸುವುದು ಎಲ್ಲ ಮುಗಿದಮೇಲೆ, ಬಳಸಿದ ಮಾಪಿನ ಬಕೆಟ್ ಎತ್ತುವಾಗ. ಡಾಕ್ಟ್ರು ‘ಬೇಗ, ಬೇಗ’ ಅಂತ ಜೀವ ತಿನ್ನುತ್ತಾರಲ್ಲ... ಈ ಜಾಣತನ ಹುಡುಗಿಯರಿಗೆ ಕಲಿಸಿದ್ದು ನಾನೇ. ಇನ್‌ಚಾರ್ಜ್ ಸಿಸ್ಟರ್!

ಇವತ್ತು ಬಕೆಟ್‌ನಲ್ಲಿ ಒಂಬತ್ತೇ. ರೋಗಿಯನ್ನು ಆಗಲೇ ವಾರ್ಡಿಗೆ ಕಳಿಸಿಯಾಗಿತ್ತು. ಮತ್ತೆ ಎಣಿಸಿದೆ. ಒಂಬತ್ತು. ಮೂರನೆಯ ಸಲ ಒಂದೊಂದೇ ಬಿಡಿಸಿದಾಗ ಎರಡು ಅಂಟಿಕೊಂಡಿದ್ದು ಕಂಡಿತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಯಾರಿಗೂ ಹೇಳಲಿಲ್ಲ.

ಮಾರ್ಚ್ 6, ಸಂಜೆ

ಅಕ್ಕನ ಫೋನ್. ಗರ್ಭಕೋಶದ ಗಡ್ಡೆ ದೊಡ್ಡದಾಗಿದೆಯಂತೆ. ಹೊಟ್ಟೆ ಕೊಯ್ದೇ ತೆಗೆಯಬೇಕು. ನಮ್ಮ ಆಸ್ಪತ್ರೆಯಲ್ಲೇ, ಹದಿಮೂರಕ್ಕೆ.

“ನೀನಿದ್ದೀಯಲ್ಲ ಕಣೇ, ನಂಗ್ಯಾವ ಭಯ?”

“ಮನೆಯವರ ಆಪರೇಷನ್‌ಗೆ ನಮ್ಮನ್ನ ಒಳಗೆ ಬಿಡಲ್ಲ ಅಕ್ಕ.”

“ಬಿಡದಿದ್ರೇನು? ನೀನು ತಯಾರು ಮಾಡಿದ ಹುಡುಗೀರು ಇರ್ತಾರಲ್ಲ.”

ಅದೇ ಭಯ ಮಾರಾಯ್ತಿ. ಬಾಯಿಗೆ ಬಂದಿದ್ದನ್ನು ನುಂಗಿಕೊಂಡೆ.

ಮಾರ್ಚ್ 9

ಡಾಕ್ಟ್ರ ರೂಮಿಗೆ ಹೋಗಿ ಎಲ್ಲ ಹೇಳಿದೆ. ಅಕ್ಕನನ್ನು ಕೊಯ್ಯುವವರೂ ಅವರೇ.

“ಎಷ್ಟು ದಿನದಿಂದ ನಡೀತಿದೆ ಸಿಸ್ಟರ್?”

“ಆರು ವರ್ಷ ಸರ್.”

“ನಿಮ್ಮಕ್ಕ ಬರ್ತಿದ್ದಾರೆ ಅಂದಮೇಲೆ ನೆನಪಾಯ್ತಾ?”

ಚುರುಕ್ಕೆಂದಿತು. ಸುಳ್ಳೇನಲ್ಲವಲ್ಲ. ಆರು ವರ್ಷ ಆ ಟೇಬಲ್ ಮೇಲೆ ಮಲಗಿದವರೆಲ್ಲ ಯಾರದೋ ಅಕ್ಕಂದಿರೇ. ನಾಚಿಕೆಯಾಯಿತು. ಆದರೂ ಸುಮ್ಮನಿರುವ ಜಾಯಮಾನವೇ ನನ್ನದು?

“ಹೌದು ಸರ್. ಎಣಿಸೋಕೆ ಎರಡು ನಿಮಿಷ ಕೊಡದೇ ಇದ್ದಿದ್ದು ನೀವು.”

ಕನ್ನಡಕ ತೆಗೆದು ಒರೆಸಿದರು.

ಮಾರ್ಚ್ 12

ಇನ್‌ಚಾರ್ಜ್ ಪಟ್ಟ ಹೋಯಿತು. ನಾಡಿದ್ದಿನಿಂದ ಉಪಕರಣ ತೊಳೆಯುವ ಕಡೆ ಡ್ಯೂಟಿ. ಮಾಡಿದ್ದುಣ್ಣೋ ಮಹಾರಾಯ.

ಹೊರಡುವ ಮುಂಚೆ ಹುಡುಗಿಯರನ್ನು ಕರೆದೆ. “ಟೇಬಲ್ ಹತ್ತಿರ ಇರೋ ಇಬ್ಬರೂ ಗಟ್ಟಿಯಾಗಿ ಎಣಿಸಬೇಕು. ಒಂದೊಂದೇ ಬಿಡಿಸಿ. ಬರೆಯೋದು ಆಮೇಲೆ. ಡಾಕ್ಟ್ರು ಕೂಗಾಡಿದ್ರೆ ಕೂಗಾಡ್ಲಿ.”

ಎಲ್ಲರಿಗಿಂತ ಚಿಕ್ಕವಳು, ನಾವು ಗುಬ್ಬಿ ಅಂತ ಕರೆಯುವವಳು, ಕಣ್ಣರಳಿಸಿದಳು. “ಮೊದಲೇ ಬರೆಯೋದು ನೀವೇ ಕಲಿಸಿದ್ದಲ್ವಾ ಸಿಸ್ಟರ್?”

“ಹ್ಞೂಂ ಕಣೇ. ನಾನೇ.”

ಮಾರ್ಚ್ 13, ಬೆಳಗ್ಗೆ 11.20

ಥಿಯೇಟರ್ ಹೊರಗೆ, ಕೈ ತೊಳೆಯುವ ಜಾಗದಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದೇನೆ. ಇಲ್ಲಿವರೆಗೆ ಬಿಟ್ಟಿದ್ದೇ ದೊಡ್ಡದು. ಅಕ್ಕ ಒಳಗೆ ಹೋಗಿ ಎರಡು ಗಂಟೆ. ಬಾಗಿಲ ಗಾಜಿನಿಂದ ಬೋರ್ಡು ಕಾಣುತ್ತಿದೆ. ‘ಬಿಚ್ಚಿದ್ದು ಹದಿನೈದು.’ ಅದರ ಪಕ್ಕ ಖಾಲಿ. ಖಾಲಿ! ಆರು ವರ್ಷದಲ್ಲಿ ಇದೇ ಮೊದಲು.

11.40

ಗುಬ್ಬಿಗೆ ಇಷ್ಟು ದೊಡ್ಡ ಗಂಟಲಿದೆ ಅಂತ ಗೊತ್ತಿರಲಿಲ್ಲ. ಹನ್ನೆರಡು... ಹದಿಮೂರು... ಹದಿನಾಲ್ಕು.

ನಿಂತಿತು.

ಮತ್ತೆ ಮೊದಲಿನಿಂದ. ಹದಿನಾಲ್ಕು.

ಡಾಕ್ಟ್ರು: “ಹೊಲಿಗೆ ದಾರ ಕೊಡಮ್ಮ, ಬೇಗ.”

ಗುಬ್ಬಿ: “ಕೊಡಲ್ಲ ಸರ್. ಒಂದು ಕಡಿಮೆ ಇದೆ.”

ಯಾರಾದರೂ ಮಾತಾಡ್ರಪ್ಪಾ...

ಡಾಕ್ಟ್ರು: “ಸರಿ. ನೀವೆಲ್ಲ ಕೆಳಗೆ ಹುಡುಕಿ. ನಾನು ಒಳಗೆ ನೋಡ್ತೀನಿ.”

ಬರೆಯದೆ ಸುಮ್ಮನೆ ಕೂರಲು ಆಗುತ್ತಿಲ್ಲ. ಒಂದು ನಿಮಿಷ. ಎರಡು.

“ಸಿಕ್ತು.” ಡಾಕ್ಟ್ರ ದನಿ. ಬಕೆಟ್‌ನಲ್ಲಲ್ಲ, ನೆಲದ ಮೇಲೂ ಅಲ್ಲ. ಅಕ್ಕನ ಹೊಟ್ಟೆಯೊಳಗೆ.