ಕರಿಯಪ್ಪನ ಮಕ್ಕಳು

ಭಾರತೀನಗರ
ಶನಿವಾರ ಮಧ್ಯಾಹ್ನ

ದೀಪಿಕಕ್ಕನಿಗೆ, ಊಟ ಮುಗಿಸಿ ಆರಾಮಾಗಿ ಕೂತು ಓದಬೇಕೆಂಬ ಕೋರಿಕೆಯೊಂದಿಗೆ,

ವಾಟ್ಸಾಪಿನಲ್ಲಿ ಬರೆದರೆ ನೀನು ಒಂದು ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತೀಯ. ಬಿ.ಎಡ್. ಓದುತ್ತ ಹೆಬ್ಬೆಟ್ಟು ಒತ್ತುವವಳು ಇಡೀ ಮಂಡ್ಯದಲ್ಲಿ ನೀನೊಬ್ಬಳೇ ಇರಬೇಕು. ಅದಕ್ಕೇ ಈ ಕಾಗದ.

ಮೊದಲು ಶುಭ ಸಮಾಚಾರ. ನಿಮ್ಮ ಅಪ್ಪನಿಗೆ ಈ ವರ್ಷವೂ ಒಂದು ತರಗತಿಯಷ್ಟು ಮಕ್ಕಳು ಹುಟ್ಟಿದರು. ನಿಮ್ಮಮ್ಮ ಮಾಯಮ್ಮನವರಿಗೆ ಮೆಲ್ಲಗೆ ತಿಳಿಸು.

ನೀನು ಇಲ್ಲಿ ಓದುವಾಗ ಇಂಗ್ಲಿಷ್ ಮೌಖಿಕ ಪರೀಕ್ಷೆಗೆಂದು ನಿಮ್ಮ ಮನೆಯ ಬಗ್ಗೆ ಒಂದು ಪುಟದ ಭಾಷಣ ಬರೆದೆಯಲ್ಲ, ಅದನ್ನು ರಘುನಂದನ್ ಸರ್ ಮಾದರಿ ಉತ್ತರವೆಂದು ಘೋಷಿಸಿ ಜೆರಾಕ್ಸ್ ಅಂಗಡಿಗೆ ಕೊಟ್ಟರು. ಅಂದಿನಿಂದ ಈ ಕಾಲೇಜಿನಲ್ಲಿ ಯಾರು ಇಂಗ್ಲಿಷಿಗೆ ಬಾಯಿಬಿಟ್ಟರೂ ಅವರ ಊರು ಕೊತ್ತತ್ತಿ, ಅಪ್ಪ ಕರಿಯಪ್ಪ, ಬೆಳೆ ಕಬ್ಬು. ಪೂರಿಗಾಲಿಯ ಪುಟ್ಟರಾಜು ಕೊತ್ತತ್ತಿಯನ್ನು ಬಸ್ಸಿನ ಕಿಟಕಿಯಿಂದಲೂ ಕಂಡವನಲ್ಲ. ಅವನೂ ಎದೆಯುಬ್ಬಿಸಿ 'ಮೈ ವಿಲೇಜ್ ಈಸ್ ಕೊತ್ತತ್ತಿ' ಅಂದ. ನಾಚಿಕೆಯಾಗಲ್ವಾ ಎಂದು ಕೇಳಿದೆ. 'ಊರು ಯಾರ್ದಾದ್ರೇನಮ್ಮಿ, ಮಾರ್ಕ್ಸು ನಮ್ದಾದ್ರೆ ಸಾಕು. ನೀನೂ ಬಾಯ್ಪಾಟ ಮಾಡ್ಬುಡು, ಸುಮ್ನೆ ತಲೆ ಓಡುಸ್ಬ್ಯಾಡ ಕಣಮ್ಮ' ಎಂದ.

ಹೆಸರನ್ನಾದರೂ ಬದಲಾಯಿಸಬಾರದೇ ಎನ್ನುತ್ತೀಯ. ಸರ್ ಬಿಡುವುದಿಲ್ಲ. ನಾವು ಒಪ್ಪಿಸುತ್ತ ಹೋದಂತೆ ಅವರು ನಿನ್ನ ಜೆರಾಕ್ಸ್ ಹಿಡಿದು ವಾಕ್ಯಕ್ಕೊಂದರಂತೆ ಪೆನ್ಸಿಲ್ಲಿನಲ್ಲಿ ಗೀಟು ಹಾಕುತ್ತಾರೆ. ಬದಲಾದ ಮಾತು ಅವರ ಪಾಲಿಗೆ ಬಿಟ್ಟುಹೋದ ಮಾತು. ಬಸ್ ಕಂಡಕ್ಟರ್ ಆಗಬೇಕಿದ್ದ ಮನುಷ್ಯ ಕಣಕ್ಕ. ಟಿಕೆಟ್ಟು ನೋಡುತ್ತಾರೆ, ಮುಖ ನೋಡುವುದಿಲ್ಲ. ಅವರು ಇಂಗ್ಲಿಷ್ ಮಾತಾಡಿದ್ದನ್ನಂತೂ ಕೇಳಿದವರಿಲ್ಲ. ಪಾಠವೆಲ್ಲ ಕನ್ನಡದಲ್ಲಿ, ಹಾಜರಿ ಕೂಗುವುದು ಮಾತ್ರ ಇಂಗ್ಲಿಷಿನಲ್ಲಿ. ನಾವು 'ಎಸ್ಸಾರ್' ಅಂದೆವೋ, ಅಲ್ಲಿಗೆ ಇಬ್ಬರ ಇಂಗ್ಲಿಷೂ ಮುಗಿಯಿತು.

ಇದಕ್ಕೆ ದ್ವಿತೀಯ ಭಾಷೆ ಎಂದು ಹೆಸರು ಬೇರೆ. ನನಗೆ ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ. ಇಂಗ್ಲಿಷ್ ಬಂದದ್ದು ಮೂರನೆಯವಳಾಗಿ. ಆದರೂ ಅವಳೊಂದಿಗೆ ಸಂಸಾರ ಮಾಡಲೇಬೇಕು. ಒಂದು ವಿಷಯದಲ್ಲಿ ಫೇಲಾದರೂ ಓದು ಸಾಕು, ಗಂಡು ನೋಡಿ ಎಂದು ನಮ್ಮಜ್ಜಿ ಸುಲ್ತಾನ್ ಬೀ ಪಟ್ಟು ಹಿಡಿದು ಕೂತಿದ್ದಾರೆ. ಪಾಸಾದರೆ ಕೊನೇ ವರ್ಷವನ್ನೂ ಓದಿಸಿಯೇ ತೀರುತ್ತೇನೆಂದು ನಮ್ಮ ಅಬ್ಬ ಅಜ್ಜಿಯೆದುರು ಮಾತು ಕೊಟ್ಟಿದ್ದಾರೆ.

ಇಷ್ಟೆಲ್ಲ ಗೊತ್ತಿದ್ದೂ ಪರೀಕ್ಷೆಯಲ್ಲಿ ನನ್ನ ಸರದಿ ಬಂದಾಗ ಮೆರೆಯಲು ಹೋದೆ. ನನ್ನದೇ ಇಂಗ್ಲಿಷಿನಲ್ಲಿ ಶುರುಮಾಡಿದೆ: ನನ್ನ ತಂದೆಯ ಹೆಸರು ಜಕೀವುಲ್ಲಾ, ಬೈಕ್ ರಿಪೇರಿ ಮಾಡುತ್ತಾರೆ, ತಿರುವಿನಲ್ಲಿ ಬರುತ್ತಿರುವ ಗಾಡಿಯ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುತ್ತಾರೆ. ತಪ್ಪುಗಳಿದ್ದವು, ಇಲ್ಲವೆನ್ನುವುದಿಲ್ಲ. ಆದರೆ ಸರ್ ಅವರ ಪೆನ್ಸಿಲ್ ಅಲ್ಲಾಡಲೇ ಇಲ್ಲ. 'ಇದು ಯಾವ ಗೈಡಲ್ಲಿದೆಯಮ್ಮ?' ಎಂದರು. ನಮ್ಮ ಮನೇದು ಸರ್ ಎಂದೆ. 'ಮನೇದನ್ನೆಲ್ಲ ಕಾಲೇಜಿಗೆ ತರಬ್ಯಾಡ. ಹತ್ತಕ್ಕೆ ಎರಡು. ಶುಕ್ರವಾರ ನಿಮ್ ತಂದೇನ ಕರ್ಕೊಂಡು ಬಾ, ಸೈನ್ ಹಾಕ್ಲಿ. ಇನ್ನೊಂದ್ಸಲ ಕೇಳ್ತೀನಿ, ಇರೋದನ್ನ ಇರೋಹಂಗೆ ಹೇಳು' ಎಂದರು. ಇರುವುದು ಎಂದರೆ ಜೆರಾಕ್ಸಿನಲ್ಲಿ ಇರುವುದು. ಮನೆಯಲ್ಲಿ ಇರುವುದು ಲೆಕ್ಕಕ್ಕಿಲ್ಲ.

ನಿನ್ನೆ ಅದೂ ಆಯಿತು. ಶುಕ್ರವಾರ ಗ್ಯಾರೇಜಿಗೆ ರಜ, ಅಬ್ಬ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಬಂದು ಸಹಿ ಹಾಕಿದರು. ನಾನು ಉಸಿರು ಬಿಡದೆ ಒಪ್ಪಿಸಿದೆ. ಗೀಟಿನ ಪಕ್ಕ ಗೀಟು ಬಿತ್ತು. ಹತ್ತಕ್ಕೆ ಹತ್ತು. 'ನೋಡಿದ್ಯಾ, ಮನಸು ಮಾಡುದ್ರೆ ಬತ್ತದೆ' ಎಂದು ಸರ್ ನಕ್ಕರು. ಆ ನಗುವಿಗೂ ಯಾರೋ ಮಾದರಿ ಬರೆದುಕೊಟ್ಟಿರಬೇಕು.

ಅಜ್ಜಿ ತಣ್ಣಗಾಗಿದ್ದಾರೆ. ಕೊನೇ ವರ್ಷ ಖಾತ್ರಿ. ಹೇಳಿಕೊಳ್ಳುವಂಥದ್ದು ಬೇರೇನೂ ನಡೆಯಲಿಲ್ಲ. ನಿಮ್ಮ ಅಪ್ಪನಿಗೆ ನನ್ನ ಸಲಾಂ ತಿಳಿಸು, ಆಸ್ತಿಯಲ್ಲಿ ಪಾಲು ಕೇಳುವುದಿಲ್ಲವೆಂದೂ ಹೇಳು.

ಕಾಲೇಜಿನ ದಾಖಲೆಯ ಪ್ರಕಾರ ನಿನ್ನ ತಂಗಿ,
ಮಾಹೀನ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ನಾನು ಒಪ್ಪಿಸುವಾಗ ಅಬ್ಬ ಅಲ್ಲೇ ಬಾಗಿಲ ಹತ್ತಿರ ನಿಂತಿದ್ದರು. ಅವರಿಗೆ ಇಂಗ್ಲಿಷ್ ಬಾರದು. ಆದರೆ ಒಂದನೇ ಕ್ಲಾಸಿನಿಂದ ನನ್ನ ಅರ್ಜಿಗಳನ್ನೆಲ್ಲ ತುಂಬಿಸಿದವರು ಅವರೇ. 'ಫಾದರ್ ನೇಮ್' ಎಂದರೆ ಏನೆಂದು ಗೊತ್ತು. ವಾಪಸ್ ಬರುವಾಗ ಸಕ್ಕರೆ ಕಾರ್ಖಾನೆಯ ಹತ್ತಿರ ಬೈಕಿನ ವೇಗ ತಗ್ಗಿಸಿದರು. ಆಮೇಲೆ, ಆ ಕರಿಯಪ್ಪ ಏನು ಕೆಲಸ ಮಾಡುತ್ತಾರೆ ಎಂದು ಕೇಳಿದರು. ರೈತರು ಅಂದೆ. ಒಳ್ಳೇ ಕೆಲಸ ಎಂದರು. ಸಂಜೆ ಅಜ್ಜಿ ಪರೀಕ್ಷೆ ಏನಾಯಿತೆಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅಬ್ಬ ಹೇಳಿದರು: ಹುಡುಗಿ ತನ್ನ ಅಪ್ಪನ ಬಗ್ಗೆ ಬಲು ಚೆನ್ನಾಗಿ ಮಾತಾಡಿದಳು.